ಲೂಪಸ್ ಇಟ್ಕೊಂಡೇ ಮಿಡ್‌ಫೀಲ್ಡ್ ಆಡಿದ ಶಾನನ್ ಬಾಕ್ಸ್

ಶಾನನ್ ಬಾಕ್ಸ್ ಅನ್ನೋ ಹೆಸರು ನಮ್ಮಲ್ಲಿ ಫುಟ್‌ಬಾಲ್ ನೋಡೋರಿಗೂ ಅಷ್ಟಾಗಿ ಗೊತ್ತಿಲ್ಲ, ಅಮೆರಿಕದ ಮಹಿಳಾ ತಂಡ ಅಂದ್ರೆ ಮಿಯಾ ಹ್ಯಾಮ್, ಅಬಿ ವಾಂಬಾಕ್ ಇಂಥ ಗೋಲ್ ಹೊಡೆಯೋರ ಹೆಸರೇ ಬಾಯಿಗೆ ಬರೋದು. ಬಾಕ್ಸ್ ಡಿಫೆನ್ಸಿವ್ ಮಿಡ್‌ಫೀಲ್ಡರ್, ಅಂದ್ರೆ ಎದುರಾಳಿ ಕಡೆಯಿಂದ ಬರೋ ದಾಳಿನ ನಡುಮೈದಾನದಲ್ಲೇ ಮುರಿದು, ಬಾಲ್ ಕಿತ್ಕೊಂಡು ಮುಂದಿನವರಿಗೆ ಕೊಡೋ ಕೆಲಸ. 195 ಇಂಟರ್‌ನ್ಯಾಷನಲ್ ಮ್ಯಾಚ್, 27 ಗೋಲ್, ಮೂರು ಒಲಿಂಪಿಕ್ ಚಿನ್ನ. ನಾನು ಕೀಲುವಾತದ ಡಾಕ್ಟ್ರು, ಫುಟ್‌ಬಾಲ್ ಎಕ್ಸ್‌ಪರ್ಟ್ ಅಲ್ಲ. ಆದ್ರೂ ಇವರ ಬಗ್ಗೆ ಬರೀತಿರೋದು ಯಾಕಂದ್ರೆ ಈ ಆಟದ ಬಹುಪಾಲನ್ನ ಅವರು ಆಡಿದ್ದು ನಾನು ದಿನಾ ಓಪಿಡಿಯಲ್ಲಿ ನೋಡೋ ಎರಡು ಕಾಯಿಲೆ ಇಟ್ಕೊಂಡು.

ಬಾಕ್ಸ್ ಹುಟ್ಟಿದ್ದು 1977ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಅಕ್ಕ ಗಿಲಿಯನ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಾಫ್ಟ್‌ಬಾಲ್ ಚಿನ್ನ ಗೆದ್ದವರು. ತಂಗಿ ನೋಟ್ರ್ ಡೇಮ್ ಯೂನಿವರ್ಸಿಟಿ ಸೇರಿದ ಮೊದಲ ವರ್ಷವೇ, 1995ರಲ್ಲಿ, ಆ ಕಾಲೇಜು ನ್ಯಾಷನಲ್ ಚಾಂಪಿಯನ್ ಆಯ್ತು, ಅದೂ ಸೆಮಿಫೈನಲ್‌ನಲ್ಲಿ ಒಂಬತ್ತು ವರ್ಷ ಸತತವಾಗಿ ಗೆದ್ದಿದ್ದ ನಾರ್ತ್ ಕೆರೊಲೈನಾನ ಸೋಲಿಸಿ. ಇಷ್ಟಾದ್ರೂ ದೇಶದ ತಂಡದಿಂದ ಕರೆ ಬರೋಕೆ ಎಷ್ಟೋ ವರ್ಷ ಬೇಕಾಯ್ತು. ಕಾಲೇಜು ಮುಗೀತು, ಲೀಗ್ ಆಡಿದ್ರು, ವಯಸ್ಸು 26 ಆಯ್ತು. 2003ರಲ್ಲಿ ಕೋಚ್ ಏಪ್ರಿಲ್ ಹೈನ್‌ರಿಕ್ಸ್ ಒಂದೇ ಒಂದು ಇಂಟರ್‌ನ್ಯಾಷನಲ್ ಮ್ಯಾಚೂ ಆಡಿರದ ಈಕೆಯನ್ನ ನೇರ ವರ್ಲ್ಡ್‌ಕಪ್ ತಂಡಕ್ಕೆ ತಗೊಂಡ್ರು, ಬಾಕ್ಸ್ ದೇಶದ ಪರ ಆಡಿದ ಮೊದಲ ಮೂರು ಮ್ಯಾಚಲ್ಲೂ ಒಂದೊಂದು ಗೋಲ್ ಹೊಡೆದ್ರು. ಅದೇ ಸೆಪ್ಟೆಂಬರ್‌ನಲ್ಲಿ, ವರ್ಲ್ಡ್‌ಕಪ್ ಶುರುವಾಗೋಕೆ ಐದು ದಿನ ಮುಂಚೆ, ಅವರು ಆಡ್ತಿದ್ದ ಪ್ರೊಫೆಷನಲ್ ಲೀಗ್ ದುಡ್ಡಿಲ್ಲದೆ ಮುಚ್ಚಿಹೋಯ್ತು.

ಇದಕ್ಕೂ ಒಂದು ವರ್ಷ ಮೊದಲು, 2002ರಲ್ಲೇ, ಅವರಿಗೆ ಶೋಗ್ರೆನ್ ಸಿಂಡ್ರೋಮ್ ಅಂತ ಪತ್ತೆ ಆಗಿತ್ತು. ನಮ್ಮ ಇಮ್ಯೂನ್ ಸಿಸ್ಟಮ್ ಕಣ್ಣೀರು, ಎಂಜಲು ಮಾಡೋ ಗ್ರಂಥಿಗಳ ಮೇಲೇ ತಿರುಗಿಬೀಳೋ ಕಾಯಿಲೆ ಇದು. ಕಣ್ಣಲ್ಲಿ ಮರಳು ಬಿದ್ದ ಹಾಗೆ, ಬಾಯಿ ಒಣಗಿ ರೊಟ್ಟಿ ನುಂಗೋಕೂ ನೀರು ಬೇಕು, ಇದರ ಜೊತೆಗೆ ಕೀಲುನೋವು, ಸುಸ್ತು. ಟೆನಿಸ್‌ನ ವೀನಸ್ ವಿಲಿಯಮ್ಸ್ 2011ರಲ್ಲಿ ತಮಗಿದೆ ಅಂತ ಹೇಳ್ಕೊಂಡಿದ್ದು ಇದೇ ಕಾಯಿಲೆ. ಬಾಕ್ಸ್ ಇದನ್ನ ಇಟ್ಕೊಂಡೇ 2004ರಲ್ಲಿ ಅಥೆನ್ಸ್ ಚಿನ್ನ ಗೆದ್ರು, 2005ರಲ್ಲಿ ಫಿಫಾದ ವರ್ಷದ ಆಟಗಾರ್ತಿ ಪಟ್ಟಿಯಲ್ಲಿ ಬಿರ್ಗಿಟ್ ಪ್ರಿನ್ಸ್, ಮಾರ್ತಾ ಆದ್ಮೇಲೆ ಮೂರನೆಯವರಾಗಿ ನಿಂತ್ರು. 2007ರಲ್ಲಿ ಇನ್ನೊಂದು ಹೆಸರು ಸೇರ್ಕೊಳ್ತು, ಲೂಪಸ್. ಇದೂ ಇಮ್ಯೂನ್ ಸಿಸ್ಟಮ್ ನಮ್ಮ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ. ಈ ಎರಡೂ ಒಬ್ಬರಲ್ಲೇ ಇರೋದು ನಮಗೆ ಅಪರೂಪ ಏನಲ್ಲ.

ಲೂಪಸ್ ಬರೋ ಹತ್ತು ಜನರಲ್ಲಿ ಒಂಬತ್ತು ಜನ ಹೆಂಗಸರು, ಅದರಲ್ಲೂ ಹದಿನೈದರಿಂದ ನಲವತ್ತೈದರ ನಡುವಿನವರೇ ಜಾಸ್ತಿ. ಕೀಲು, ಚರ್ಮ, ರಕ್ತ, ಕಿಡ್ನಿ, ಶ್ವಾಸಕೋಶದ ಪೊರೆ, ಎಲ್ಲಿ ಬೇಕಾದ್ರೂ ಕಾಣಿಸ್ಕೊಳ್ಳಬಹುದು. ಹಾಗಾಗಿ ಪತ್ತೆ ಆಗೋದು ನಿಧಾನ. ಬಿಸಿಲಿಗೆ ಹೋದ್ರೆ ಕೆನ್ನೆ ಕೆಂಪಾಗತ್ತೆ, ಮನೇಲಿ ಉಷ್ಣ ಅಂತ ಎಳನೀರು ಕುಡಿಸ್ತಾರೆ. ಕೂದಲು ಉದುರತ್ತೆ, ನೀರು ಬದಲಾಯ್ತು ಅಂತಾರೆ. ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕಾಗಲ್ಲ, ಜ್ವರ ಬಂದು ಬಂದು ಹೋಗತ್ತೆ. ಎಲ್ಲಕ್ಕಿಂತ ಕಷ್ಟ ಕೊಡೋದು ಸುಸ್ತು. ರಾತ್ರಿ ನಿದ್ದೆ ಮಾಡಿದ್ರೂ ಕಳೆಯದ, ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಕಬ್ಬಿಣ ಆದ ಹಾಗಿನ ಸುಸ್ತು. ಇದನ್ನ ಅಳೆಯೋಕೆ ಯಾವ ಬ್ಲಡ್ ಟೆಸ್ಟೂ ಇಲ್ಲ. ರಿಪೋರ್ಟ್ ನಾರ್ಮಲ್ ಬಂದ ದಿನವೂ ಇರತ್ತೆ, ಆಗ ಮನೆಯವರು ಸೋಮಾರಿ ಅಂತಾರೆ, ಕೋಚ್ ಫಿಟ್‌ನೆಸ್ ಸಾಲದು ಅಂತಾರೆ, ಕೆಲವು ಸಲ ನಮ್ಮ ಡಾಕ್ಟ್ರುಗಳೂ ಟೆನ್ಷನ್ ಅಂತ ಬರೆದು ಕಳಿಸ್ತಾರೆ. ಇದು ನನಗೆ ತುಂಬಾ ಬೇಜಾರಿನ ವಿಷಯ. ಹದಿನೆಂಟರ ಹುಡುಗಿ ನಂಗೆ ಸುಸ್ತು ಅಂತ ಮೂರು ತಿಂಗಳಿಂದ ಹೇಳ್ತಿದ್ರೆ ಅದನ್ನ ಮೊದಲು ನಂಬಬೇಕು, ಆಮೇಲೆ ಹುಡುಕಬೇಕು.

ಇನ್ನೊಂದು ಕಡೆ, ಎಎನ್‌ಎ ಟೆಸ್ಟ್ (ಲೂಪಸ್ ಅನುಮಾನ ಇದ್ದಾಗ ಮಾಡಿಸೋ ಒಂದು ಬ್ಲಡ್ ಟೆಸ್ಟ್) ಪಾಸಿಟಿವ್ ಅಂತ ಅತ್ಕೊಂಡು ಬರೋರೂ ಇದಾರೆ. ಲೂಪಸ್ ಇರೋ ಹೆಚ್ಚುಕಮ್ಮಿ ಎಲ್ಲರಲ್ಲೂ ಆ ಟೆಸ್ಟ್ ಪಾಸಿಟಿವ್ ಬರತ್ತೆ ನಿಜ, ಆದ್ರೆ ಏನೂ ಕಾಯಿಲೆ ಇಲ್ಲದ ಎಷ್ಟೋ ಜನರಲ್ಲೂ ಬರತ್ತೆ. ಆ ಒಂದು ಕಾಗದ ನೋಡಿ ಯಾರೂ ಲೂಪಸ್ ಅಂತ ತೀರ್ಮಾನ ಮಾಡಬಾರದು.

ಈಗ 2011ರ ವರ್ಲ್ಡ್‌ಕಪ್ ಕ್ವಾರ್ಟರ್‌ಫೈನಲ್ ನೋಡಿ, ಜುಲೈ 10, ಜರ್ಮನಿಯ ಡ್ರೆಸ್ಡನ್, ಎದುರಿಗೆ ಬ್ರೆಜಿಲ್. ಎರಡನೇ ನಿಮಿಷಕ್ಕೇ ಬಾಕ್ಸ್ ಎಡಗಡೆಯಿಂದ ಹಾಕಿದ ಕ್ರಾಸ್ ಬ್ರೆಜಿಲ್ ಡಿಫೆಂಡರ್‌ಗೆ ತಗುಲಿ ಓನ್ ಗೋಲ್ ಆಯ್ತು. 65ನೇ ನಿಮಿಷದಲ್ಲಿ ರೇಚಲ್ ಬ್ಯೂಲರ್‌ಗೆ ರೆಡ್ ಕಾರ್ಡ್, ಅಲ್ಲಿಂದ ಹತ್ತೇ ಜನ. ಒಬ್ಬರು ಕಮ್ಮಿ ಆದಾಗ ಆ ಜಾಗ ಮುಚ್ಚೋಕೆ ಜಾಸ್ತಿ ಓಡಬೇಕಾಗೋದು ಮಿಡ್‌ಫೀಲ್ಡಿನವರೇ, ಮಾಮೂಲಿ ತೊಂಬತ್ತು ನಿಮಿಷಕ್ಕೇ ಈ ಮಟ್ಟದಲ್ಲಿ ಸುಮಾರು ಹತ್ತು ಕಿಲೋಮೀಟರ್ ಓಡ್ತಾರೆ, ಇಲ್ಲಿ ಎಕ್ಸ್‌ಟ್ರಾ ಟೈಮ್ ಬೇರೆ. 122ನೇ ನಿಮಿಷದಲ್ಲಿ ವಾಂಬಾಕ್ ಹೆಡರ್, 2-2, ಪೆನಾಲ್ಟಿ ಶೂಟೌಟ್. ಮೊದಲ ಕಿಕ್ ತಗೊಂಡಿದ್ದು ಬಾಕ್ಸ್. ಗೋಲ್‌ಕೀಪರ್ ಆಂಡ್ರೆಯಾ ತಡೆದ್ರು, ಆದ್ರೆ ಲೈನ್ ಬಿಟ್ಟು ಮುಂದೆ ಬಂದಿದ್ರು ಅಂತ ರೆಫರಿ ಮತ್ತೆ ಹೊಡೆಸಿದ್ರು, ಎರಡನೇ ಸಲ ಗೋಲ್. ಅಮೆರಿಕ ಗೆಲ್ತು. ಒಂದು ವಾರ ಆದ್ಮೇಲೆ ಜಪಾನ್ ಜೊತೆ ಫೈನಲ್, ಮತ್ತೆ 120 ನಿಮಿಷ, ಮತ್ತೆ ಶೂಟೌಟ್‌ನ ಮೊದಲ ಕಿಕ್ ಬಾಕ್ಸ್‌ದೇ, ಈ ಸಲ ಜಪಾನ್ ಗೋಲ್‌ಕೀಪರ್ ಕೈಹೋರಿ ತಡೆದ್ರು, ಅಮೆರಿಕ ಸೋತಿತು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಜನಕ್ಕೆ ಈಕೆಗೆ ನಾಲ್ಕು ವರ್ಷದಿಂದ ಲೂಪಸ್ ಇದೆ ಅಂತ ಗೊತ್ತೇ ಇರ್ಲಿಲ್ಲ. ಅವರು ಅದನ್ನ ಬಹಿರಂಗವಾಗಿ ಹೇಳಿದ್ದು 2012ರ ಏಪ್ರಿಲ್‌ನಲ್ಲಿ, ಆಮೇಲೆ ಅಮೆರಿಕದ ಲೂಪಸ್ ಫೌಂಡೇಶನ್ ಜೊತೆ ಸೇರಿ ಇದರ ಬಗ್ಗೆ ಮಾತಾಡ್ತಾ ಬಂದ್ರು.

ಈ ಮ್ಯಾಚ್ ತೋರಿಸಿ ನೋಡಿ ಅವರಿಗಾದ್ರೆ ನಿಮಗ್ಯಾಕೆ ಆಗಲ್ಲ ಅಂತ ನಾನು ಯಾವ ಪೇಷಂಟ್‌ಗೂ ಹೇಳಲ್ಲ. ಲೂಪಸ್ ಒಬ್ಬೊಬ್ಬರಲ್ಲಿ ಒಂದೊಂದು ಥರ, ಕಿಡ್ನಿಗೆ ಬಂದೋರ ದಾರಿ ಬೇರೆ, ಕೀಲಿಗೆ ಮಾತ್ರ ಬಂದೋರ ದಾರಿ ಬೇರೆ. ನಾನು ಹೇಳೋದು ಇಷ್ಟೇ, ಲೂಪಸ್ ಅಂತ ಗೊತ್ತಾದ ದಿನವೇ ಶೂ ಕಸಿದು ಅಟ್ಟಕ್ಕೆ ಹಾಕಬೇಡಿ. ಸಾಮಾನ್ಯವಾಗಿ ಲೂಪಸ್‌ನ ಕೀಲುನೋವು ರುಮಟಾಯ್ಡ್ ಅನ್ನೋ ಕೀಲುವಾತದ ಥರ ಮೂಳೆನ ತಿಂದುಹಾಕಲ್ಲ. ಕಾಯಿಲೆ ಹತೋಟಿಯಲ್ಲಿರುವಾಗ ಹದವಾಗಿ ವ್ಯಾಯಾಮ ಮಾಡಿದ್ರೆ ಸುಸ್ತು ಕಮ್ಮಿಯೇ ಆಗತ್ತೆ, ಮಲಗಿಸಿಟ್ರೆ ಮಾಂಸಖಂಡ ಕರಗಿ ಇನ್ನೂ ಜಾಸ್ತಿ ಆಗತ್ತೆ. ಮಾತ್ರೆಗಳಲ್ಲಿ ಮುಖ್ಯವಾದದ್ದು ಹೈಡ್ರಾಕ್ಸಿಕ್ಲೋರೋಕ್ವಿನ್, ಕೊರೋನಾ ಟೈಮಲ್ಲಿ ಎಲ್ಲರೂ ಹೆಸರು ಕೇಳಿದ್ದು, ಆಗ ನಮ್ಮ ಪೇಷಂಟ್‌ಗಳೇ ಅಂಗಡಿ ಅಂಗಡಿ ಅಲೆದಿದ್ರು. ತೂಕ ನೋಡಿ ಡೋಸ್ ಕೊಟ್ಟು, ಕಾಲಕಾಲಕ್ಕೆ ಕಣ್ಣಿನ ಚೆಕಪ್ ಮಾಡಿಸಿದ್ರೆ ವರ್ಷಗಟ್ಟಲೆ ತಗೋಬಹುದು. ಆರಾಮಾಗಿದೀನಿ ಅಂತ ನೀವಾಗೇ ನಿಲ್ಲಿಸೋದೇ ದೊಡ್ಡ ಅಪಾಯ. ಸ್ಟೀರಾಯ್ಡ್ ಬೇಕಾದಾಗ ಬೇಕು, ಆದ್ರೆ ಹೆಚ್ಚು ಡೋಸ್ ಬಹಳ ದಿನ ಆದ್ರೆ ಸೊಂಟದ ಕೀಲಿನ ಮೂಳೆಗೆ ರಕ್ತ ಹೋಗೋದು ನಿಲ್ಲಬಹುದು, ಓಡೋ ಹುಡುಗಿ ತೊಡೆಸಂದಿನಲ್ಲಿ ನೋವು ಅಂದ್ರೆ ನಾನು ಎಂಆರ್‌ಐಗೆ ತಡ ಮಾಡಲ್ಲ.

ಹಾಗಂತ ಎಲ್ಲ ನೋವಿಗೂ ಲೂಪಸ್ ಕಾರಣ ಅಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನ ಮೊದಲ ಮ್ಯಾಚಲ್ಲಿ, ಫ್ರಾನ್ಸ್ ವಿರುದ್ಧ, ಬಾಕ್ಸ್ ಹ್ಯಾಮ್‌ಸ್ಟ್ರಿಂಗ್, ಅಂದ್ರೆ ತೊಡೆಯ ಹಿಂಭಾಗದ ಮಾಂಸಖಂಡ, ಎಳೆದು ಬೇಗನೇ ಹೊರಗೆ ಬಂದ್ರು. ಹ್ಯಾಮ್‌ಸ್ಟ್ರಿಂಗ್ ಎಳೆಯೋದು ಯಾವ ಆಟಗಾರ್ತಿಗಾದ್ರೂ ಆಗತ್ತೆ. ಅವರ ಜಾಗಕ್ಕೆ ಬಂದ ಕಾರ್ಲಿ ಲಾಯ್ಡ್ ಆ ಮ್ಯಾಚಲ್ಲೂ ಗೋಲ್ ಹೊಡೆದು, ಫೈನಲ್‌ನ ಎರಡೂ ಗೋಲ್ ಹೊಡೆದ್ರು.

ಮಗು ವಿಷಯನೂ ಹೇಳ್ಬೇಕು, ಅದನ್ನ ಕೇಳದೆ ಯಾವ ಅಮ್ಮನೂ ಕುರ್ಚಿ ಬಿಟ್ಟು ಏಳಲ್ಲ. ಬಾಕ್ಸ್‌ಗೆ 2014ರ ಫೆಬ್ರವರಿಯಲ್ಲಿ ಮಗಳು ಹುಟ್ಟಿದಳು, ಮುಂದಿನ ವರ್ಷ 37ನೇ ವಯಸ್ಸಲ್ಲಿ ಮತ್ತೆ ವರ್ಲ್ಡ್‌ಕಪ್ ತಂಡಕ್ಕೆ ಸೇರಿದ್ರು, ಆ ತಂಡ ಕಪ್ ಗೆಲ್ತು, ಅಕ್ಟೋಬರ್‌ನಲ್ಲಿ ಸಿಯಾಟಲ್‌ನಲ್ಲಿ ಬ್ರೆಜಿಲ್ ವಿರುದ್ಧವೇ ಕೊನೇ ಮ್ಯಾಚ್ ಆಡಿದ್ರು. ಲೂಪಸ್ ಇದ್ರೂ ಗರ್ಭಿಣಿ ಆಗಬಹುದು, ಆದ್ರೆ ಕಾಯಿಲೆ ಕನಿಷ್ಠ ಆರು ತಿಂಗಳು ಶಾಂತವಾಗಿರಬೇಕು, ಮಾತ್ರೆಗಳಲ್ಲಿ ಯಾವುದನ್ನ ಬದಲಾಯಿಸಬೇಕು ಅಂತ ಮುಂಚೆಯೇ ನೋಡಬೇಕು. ಶೋಗ್ರೆನ್ ಇರೋರಲ್ಲಿ ಹೆಚ್ಚಾಗಿ ಸಿಗೋ ಆ್ಯಂಟಿ-ರೋ ಅನ್ನೋ ಆ್ಯಂಟಿಬಾಡಿ ಕೆಲವೊಮ್ಮೆ ಹೊಟ್ಟೆಯಲ್ಲಿರೋ ಮಗುವಿನ ಹೃದಯದ ಬಡಿತ ನಿಧಾನ ಮಾಡತ್ತೆ, ಅದಿದ್ರೆ ಸ್ಕ್ಯಾನ್ ಜಾಸ್ತಿ ಬೇಕು.

ಆಡೋ ಹುಡುಗೀರಿಗೆ ನಾನು ಪಿಟಿ ಸರ್‌ಗೆ ಅಂತ ಒಂದು ಚೀಟಿ ಬರೆದು ಕೊಡ್ತೀನಿ. ಪ್ರಾಕ್ಟೀಸ್ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಇಡಿ, ತುಂಬು ತೋಳಿನ ಜೆರ್ಸಿ ಹಾಕೋಕೆ ಬಿಡಿ, ಸನ್‌ಸ್ಕ್ರೀನ್ ಮತ್ತೆ ಹಚ್ಕೊಳ್ಳೋಕೆ ಬ್ರೇಕ್ ಕೊಡಿ, ಜ್ವರ ಅಥವಾ ಕೀಲು ಊದಿದ ದಿನ ಓಡಿಸಬೇಡಿ, ಇವತ್ತು ಆಗಲ್ಲ ಸಾರ್ ಅಂದ್ರೆ ಕಾರಣ ಕೇಳದೆ ಬೆಂಚಲ್ಲಿ ಕೂರಿಸಿ, ತಂಡದಿಂದ ಹೆಸರು ಹೊಡೀಬೇಡಿ. ಕೆಳಗೆ ನನ್ನ ಫೋನ್ ನಂಬರ್ ಇರತ್ತೆ, ಕೆಲವು ಸರ್‌ಗಳು ನಿಜವಾಗ್ಲೂ ಫೋನ್ ಮಾಡ್ತಾರೆ.