ಪದ ಪರಿಚಯ: ಸೂಚಿತ ಲೇಖಕ

ಮಾರ್ಕ್ ಟ್ವೇನ್ ಕಾದಂಬರಿಯ ಹುಡುಗ ಹಕ್ ಫಿನ್ ಒಂದು ಕಾಗದ ಬರೆಯುತ್ತಾನೆ. ನಿಮ್ಮ ಮನೆಯಿಂದ ಓಡಿಹೋದ ಗುಲಾಮ ಜಿಮ್ ಇಂಥಲ್ಲಿದ್ದಾನೆ ಎಂದು ಯಜಮಾನಿಗೆ ತಿಳಿಸುವ ಕಾಗದ. ಬರೆದ ಮೇಲೆ ಪಾಪ ತೊಳೆದುಹೋದ ಹಾಗೆ ಮನಸ್ಸು ಹಗುರಾಗುತ್ತದೆ. ಆಮೇಲೆ ಮಿಸಿಸಿಪಿ ನದಿಯ ಮೇಲೆ ತೆಪ್ಪದಲ್ಲಿ ಕಳೆದ ರಾತ್ರಿಗಳು ನೆನಪಾಗುತ್ತವೆ. ಹುಡುಗ ಮಲಗಿರಲಿ ಎಂದು ಜಿಮ್ ಇವನ ಸರದಿಯ ಕಾವಲನ್ನೂ ತಾನೇ ಕಾಯುತ್ತಿದ್ದ. ಹಕ್ ನಡುಗುತ್ತಾನೆ. ನರಕಕ್ಕೆ ಹೋದರೂ ಸರಿ ಎಂದು ಕಾಗದ ಹರಿದುಹಾಕುತ್ತಾನೆ.

ಓಡಿಹೋದ ಗುಲಾಮನಿಗೆ ನೆರವಾಗುವುದು ತಪ್ಪು ಎಂದೇ ಕಲಿತು ಬೆಳೆದ ಹಕ್ ಲೆಕ್ಕದಲ್ಲಿ ಇದು ಪಾಪ. ಓದುವ ನಮಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸುತ್ತದೆ, ಅಲ್ವಾ? ಹಾಗೆ ಅನ್ನಿಸಲಿ ಎಂದು ಪುಸ್ತಕದಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ. ಯಾವುದನ್ನು ತೋರಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬ ಆಯ್ಕೆಗಳ ಹಿಂದೆ ಒಂದು ಮನಸ್ಸಿದೆ. ಅದು ಕಥೆ ಹೇಳುವ ಹಕ್ ಅಲ್ಲ. ಸಿಗಾರ್ ಸೇದುತ್ತಿದ್ದ, ಸಾಲದಲ್ಲಿ ಸಿಕ್ಕಿ ದಿವಾಳಿಯಾದ ಟ್ವೇನ್ ಎಂಬ ಮನುಷ್ಯನೂ ಪೂರ್ತಿಯಾಗಿ ಅಲ್ಲ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಅದನ್ನು ಸೂಚಿತ ಲೇಖಕ ಎಂದು ಕರೆದರು.

ಬೂತ್ ಹೇಳಿದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಏನು ಮಾಡ್ತಿದ್ದೀರಿ ಎಂದು ಬೂತ್ ಒಮ್ಮೆ ಕಾದಂಬರಿಕಾರ ಸಾಲ್ ಬೆಲೋ ಅವರನ್ನು ಕೇಳಿದರಂತೆ. ದಿನಕ್ಕೆ ನಾಲ್ಕು ಗಂಟೆ ಕಾದಂಬರಿ ತಿದ್ದುತ್ತಿದ್ದೇನೆ, ನನಗೆ ಇಷ್ಟವಾಗದ ನನ್ನ ಭಾಗಗಳನ್ನು ಅಳಿಸುತ್ತಿದ್ದೇನೆ ಎಂದರಂತೆ ಬೆಲೋ. ಅಳಿಸಿದ ಮೇಲೆ ಪುಟದಲ್ಲಿ ಉಳಿಯುವವನೇ ಸೂಚಿತ ಲೇಖಕ.

1978ರಲ್ಲಿ ವಿಮರ್ಶಕ ಸೀಮೋರ್ ಚಾಟ್‌ಮನ್ ಕಥೆ ಲೇಖಕನಿಂದ ಓದುಗನಿಗೆ ತಲುಪುವ ದಾರಿಯ ಒಂದು ನಕ್ಷೆ ಬರೆದು, ಲೇಖಕ ಮತ್ತು ನಿರೂಪಕನ ನಡುವೆ ಇವನಿಗೊಂದು ಜಾಗ ಕೊಟ್ಟರು. ನಡುವೆ ಸುಮ್ನೆ ಮೂರನೆಯವನು ಯಾಕೆ ಎಂದು ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್ ಕೇಳಿದರು. ಅವನು ಲೇಖಕನೇ ತೊಟ್ಟ ಇನ್ನೊಂದು ರೂಪ ಎಂದರು ಇನ್ನೊಬ್ಬ ವಿಮರ್ಶಕ ಜೇಮ್ಸ್ ಫೆಲನ್.

ನನ್ನ ಮಟ್ಟಿಗೆ ಪದ ಬೇಕು, ನಕ್ಷೆ ಬೇಡ. ಪದ ಇಲ್ಲದಿದ್ದರೆ ಪಾತ್ರದ ಮಾತನ್ನೇ ಲೇಖಕರ ತಲೆಗೆ ಕಟ್ಟುವುದು ಜಾಸ್ತಿಯಾಗುತ್ತದೆ. ಆದರೆ ಸೂಚಿತ ಲೇಖಕನಿಗೆ ದನಿಯಿಲ್ಲ. ಪುಟದ ಗುರುತುಗಳನ್ನು ಹಿಡಿದು ಅವನನ್ನು ಕಟ್ಟಿಕೊಳ್ಳುವವರು ಓದುಗರು. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತಾನೆ.

ಅದೇ ಕಾದಂಬರಿಯ ಕೊನೆಯ ಅಧ್ಯಾಯಗಳನ್ನು ನೋಡಿ. ಹಕ್‌ನ ಗೆಳೆಯ ಟಾಮ್ ಸಾಯರ್ ಬಂದು, ಸೆರೆಸಿಕ್ಕ ಜಿಮ್‌ನ ಬಿಡುಗಡೆಯನ್ನು ಆಟ ಮಾಡಿಕೊಳ್ಳುತ್ತಾನೆ. ಯಜಮಾನಿ ಸಾಯುವ ಮೊದಲೇ ಉಯಿಲಿನಲ್ಲಿ ಜಿಮ್‌ಗೆ ಬಿಡುಗಡೆ ಬರೆದಿದ್ದಳು ಎಂದು ಟಾಮ್‌ಗೆ ಗೊತ್ತು. ಗೊತ್ತಿದ್ದೂ ಜಿಮ್‌ನನ್ನು ವಾರಗಟ್ಟಲೆ ಸೆರೆಯಲ್ಲೇ ಇರಲು ಬಿಟ್ಟು ನಗೆಯಾಟ ಆಡುತ್ತಾನೆ. ಹಕ್ ಕೈಯಲ್ಲಿ ಕಾಗದ ಹರಿದುಹಾಕಿಸಿದ ಮನಸ್ಸೇ ಇದನ್ನೂ ಬರೆಯಿತೇ ಎಂದು ವಿಮರ್ಶಕರು ಇವತ್ತಿಗೂ ಜಗಳವಾಡುತ್ತಾರೆ. ನನಗಂತೂ ಪ್ರತಿ ಸಲ ಅಲ್ಲಿ ಇಬ್ಬರು ಕಾಣುತ್ತಾರೆ. ಚಾಟ್‌ಮನ್ ನಕ್ಷೆಯಲ್ಲಿ ಒಬ್ಬನಿಗಷ್ಟೇ ಜಾಗವಿದೆ.