ಕುರೇನ್ಯನ ಖಾನೇಷುಮಾರಿ: ಲೂಕನ ಲೆಕ್ಕ ತಪ್ಪಿತೇ?

ಡಿಸೆಂಬರ್ ಮೊದಲ ವಾರ. ಕ್ಯಾರಲ್ ಹಾಡಿನ ತಾಲೀಮು ಮುಗಿದಿತ್ತು. ಹುಡುಗರೆಲ್ಲ ಟೀ ಕುಡಿಯಲು ಹೊರಗೆ ಹೋಗಿದ್ದರು. ಡಿಗ್ರಿ ಎರಡನೇ ವರ್ಷದ ಒಬ್ಬ ಹುಡುಗಿ ಮಾತ್ರ ಬೈಬಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಕ್ರಿಸ್ಮಸ್ ಆರಾಧನೆಯಲ್ಲಿ ಲೂಕನ ಸುವಾರ್ತೆಯ 2ನೇ ಅಧ್ಯಾಯ ಓದುವ ಸರದಿ ಅವಳದು.

"ಅಯ್ಯನವರೇ, ಒಂದು ಕೇಳಲಾ? ಬೈಯಬಾರದು."

"ಕೇಳಮ್ಮಾ."

"ಹೆರೋದ ಅರಸ ಸತ್ತು ಹತ್ತು ವರ್ಷ ಆದಮೇಲೆ ಕುರೇನ್ಯ ಅಧಿಪತಿಯಾಗಿ ಬಂದನಂತೆ. ಹಾಗಾದರೆ ಯೇಸು ಹುಟ್ಟಿದ್ದು ಯಾವಾಗ? ಲೂಕ ತಪ್ಪು ಬರೆದಿದ್ದಾನಾ? ಹಿರಿಯರೊಬ್ಬರನ್ನು ಕೇಳಿದೆ. ವಾಕ್ಯವನ್ನು ಪರೀಕ್ಷೆ ಮಾಡಬಾರದು ಅಂದುಬಿಟ್ಟರು."

ನಾನು ವಾರವಿಡೀ ಹೊಸ ಒಡಂಬಡಿಕೆ ಪಾಠ ಮಾಡುವವನು, ಭಾನುವಾರ ಸಭೆಯಲ್ಲಿ ಬೋಧಿಸುವವನು. ಈ ಪ್ರಶ್ನೆ ನನಗೆ ಹೊಸದಲ್ಲ. ಆದರೆ "ಬೈಯಬಾರದು" ಎಂದು ಅವಳು ಮೊದಲೇ ಹೇಳಿಕೊಂಡಳಲ್ಲ, ಅದು ಮನಸ್ಸಿಗೆ ನಾಟಿತು. ವಾಕ್ಯವನ್ನು ಗಮನವಿಟ್ಟು ಓದಿದ್ದಕ್ಕೇ ಅಲ್ವಾ ಅವಳಿಗೆ ಈ ಪ್ರಶ್ನೆ ಬಂದದ್ದು? ಅವತ್ತು ಅವಳಿಗೆ ಹೇಳಿದ್ದನ್ನೂ, ಹೊತ್ತು ಸಾಲದೆ ಬಿಟ್ಟಿದ್ದನ್ನೂ ಇಲ್ಲಿ ಬರೆಯುತ್ತೇನೆ.

ಮೊದಲು ಸಮಸ್ಯೆಯನ್ನು ಸರಿಯಾಗಿ ಇಟ್ಟುಕೊಳ್ಳೋಣ. ಚಕ್ರವರ್ತಿ ಔಗುಸ್ತನಿಂದ ಆಜ್ಞೆ ಹೊರಟಿತು, ಎಲ್ಲರೂ ಖಾನೇಷುಮಾರಿ (ಸರ್ಕಾರದ ಮನೆಮನೆಯ ಲೆಕ್ಕ) ಬರೆಸಿಕೊಳ್ಳಬೇಕಾಯಿತು, ಅದು ಕುರೇನ್ಯನು ಸುರಿಯಕ್ಕೆ, ಅಂದರೆ ರೋಮಿನ ಸಿರಿಯಾ ಪ್ರಾಂತಕ್ಕೆ, ಅಧಿಪತಿಯಾಗಿದ್ದಾಗ ನಡೆದ ಮೊದಲನೆಯದು ಎಂದು ಲೂಕ ಹೇಳುತ್ತಾನೆ. ಆ ಸಲುವಾಗಿಯೇ ಯೋಸೇಫ ಮತ್ತು ಮರಿಯಳು ನಜರೇತಿನಿಂದ ಬೇತ್ಲೆಹೇಮಿಗೆ ಹೋದರು. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಅರಸನಾದ ಹೆರೋದನ ಕಾಲದಲ್ಲಿ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಕ್ರಿ.ಪೂ. 1 ಎನ್ನುವವರೂ ಕೆಲವರಿದ್ದಾರೆ. ಅವನ ಮಗ ಅರ್ಖೆಲಾಯ ಬೇತ್ಲೆಹೇಮ್ ಇರುವ ಯೂದಾಯವನ್ನು ಆಳಿದ. ಕ್ರಿ.ಶ. 6ರಲ್ಲಿ ಔಗುಸ್ತ ಅವನನ್ನು ಗಾಲ್ ದೇಶಕ್ಕೆ ಗಡೀಪಾರು ಮಾಡಿ, ಯೂದಾಯವನ್ನು ನೇರವಾಗಿ ರೋಮಿನ ಆಡಳಿತಕ್ಕೆ ತೆಗೆದುಕೊಂಡ. ಕುರೇನ್ಯ ಸುರಿಯಕ್ಕೆ ಬಂದದ್ದು, ಯೂದಾಯದ ಜನರ ಆಸ್ತಿಯನ್ನು ದಾಖಲು ಮಾಡಿಸಿದ್ದು ಆಗ. ಯೆಹೂದಿ ಇತಿಹಾಸಕಾರ ಜೋಸಿಫಸ್ ಇದಕ್ಕೆ ವರ್ಷವನ್ನೂ ಕೊಡುತ್ತಾನೆ. ಆಕ್ಟಿಯಂ ಯುದ್ಧದಲ್ಲಿ ಔಗುಸ್ತ ಗೆದ್ದ 37ನೇ ವರ್ಷ. ಅಂದರೆ ಕ್ರಿ.ಶ. 6 ಅಥವಾ 7. ಹೆರೋದನ ಸಾವಿಗೂ ಈ ಖಾನೇಷುಮಾರಿಗೂ ನಡುವೆ ಒಂಬತ್ತು ಹತ್ತು ವರ್ಷದ ಅಂತರ. ಇನ್ನೊಂದು ತೊಡಕೂ ಇದೆ. ಆಗ ನಜರೇತು ಇದ್ದದ್ದು ಗಲಿಲಾಯದಲ್ಲಿ. ಅದನ್ನು ಆಳುತ್ತಿದ್ದವನು ಹೆರೋದನ ಇನ್ನೊಬ್ಬ ಮಗ. ಯೂದಾಯದ ಲೆಕ್ಕಕ್ಕೆ ಅಲ್ಲಿನವರು ಸೇರುತ್ತಿರಲಿಲ್ಲ.

ಹುಡುಗಿ ಓದಿದ್ದು ಸರಿಯಾಗಿಯೇ ಇತ್ತು. ಅವಳಿಗೆ ಅದನ್ನೇ ಮೊದಲು ಹೇಳಿದೆ.

ಬೈಬಲಿನ ಕಷ್ಟದ ಭಾಗಗಳೆಲ್ಲ ಒಂದೇ ಜಾತಿಯವಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ಯೋಹಾನನ 8ನೇ ಅಧ್ಯಾಯದಲ್ಲಿದೆ. ಅಲ್ಲಿನ ಕಷ್ಟ ಹಸ್ತಪ್ರತಿಯದು. ನಾಲ್ಕನೇ ಶತಮಾನದ ವ್ಯಾಟಿಕನ್ ಮತ್ತು ಸಿನಾಯ್ ಪ್ರತಿಗಳಲ್ಲಿ ಆ ಕಥೆ ಇಲ್ಲ. ಕೆಲವು ಪ್ರತಿಗಳಲ್ಲಿ ಅದು ಲೂಕನ ಸುವಾರ್ತೆಯೊಳಗೆ ಬರುತ್ತದೆ. ಅಲ್ಲಿ ಕೇಳಬೇಕಾದದ್ದು "ಇದು ಮೂಲದಲ್ಲಿ ಇತ್ತೇ?" ಎಂದು. ಕುರೇನ್ಯನ ಮಾತು ಹಾಗಲ್ಲ. ಹಳೆಯ ಪ್ರತಿಗಳಲ್ಲಿ ಅದು ಭದ್ರವಾಗಿ ಇದೆ. ನಕಲು ಮಾಡಿದವನ ಕೈತಪ್ಪು ಎಂದು ಜಾರಿಕೊಳ್ಳಲು ದಾರಿಯಿಲ್ಲ. ಬರೆದವನು ಲೂಕನೇ. ಅವನು ಏನು ಹೇಳಲು ಹೊರಟ ಎಂದು ಅವನ ಪುಸ್ತಕದಲ್ಲೇ ಹುಡುಕಬೇಕು.

ಹುಡುಕಿದರೆ ಮುಖ್ಯವಾದ ಒಂದು ವಿಷಯ ಸಿಗುತ್ತದೆ. ಲೂಕ ತನ್ನ ಕಥೆಯನ್ನು ಶುರು ಮಾಡುವುದೇ ಹೆರೋದನ ಕಾಲದಲ್ಲಿ, 1ನೇ ಅಧ್ಯಾಯದ 5ನೇ ವಚನದಲ್ಲಿ. ಮುಂದೆ 3ನೇ ಅಧ್ಯಾಯದಲ್ಲಿ, ತಿಬೇರಿಯ ಚಕ್ರವರ್ತಿಯ ಆಳಿಕೆಯ 15ನೇ ವರ್ಷದಲ್ಲಿ ಸ್ನಾನಿಕನಾದ ಯೋಹಾನ ಬಂದನೆನ್ನುತ್ತಾನೆ. ಅದು ಸುಮಾರು ಕ್ರಿ.ಶ. 28 ಅಥವಾ 29. ಯೇಸು ತನ್ನ ಕೆಲಸ ಆರಂಭಿಸಿದಾಗ ಹೆಚ್ಚುಕಡಿಮೆ ಮೂವತ್ತು ವರ್ಷದವನು ಎಂದೂ ಹೇಳುತ್ತಾನೆ. ಕ್ರಿ.ಶ. 6ರಲ್ಲಿ ಹುಟ್ಟಿದ್ದರೆ ಆಗ ಅವನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಆಗಿರುತ್ತಿತ್ತು. ಅಂದರೆ ಲೂಕನ ಮನಸ್ಸಿನಲ್ಲಿದ್ದ ಕಾಲವೂ ಮತ್ತಾಯ ಹೇಳುವ ಕಾಲವೇ. ಕುರೇನ್ಯನ ಹೆಸರೊಂದೇ ಆ ಚೌಕಟ್ಟಿನಲ್ಲಿ ಕೂರುವುದಿಲ್ಲ.

ಇದನ್ನು ಕೂರಿಸಲು ನಡೆದ ಪ್ರಯತ್ನಗಳು ಕಡಿಮೆಯೇನಲ್ಲ. ಅವುಗಳಲ್ಲಿ ಒಂದರ ಬಗ್ಗೆ ವಿವರವಾಗಿ ಹೇಳಲೇಬೇಕು. ಏಕೆಂದರೆ ನಾನೇ ಅದನ್ನು ವರ್ಷಗಟ್ಟಲೆ ಸಾರಿದ್ದೇನೆ.

ಕಾಲೇಜಿನ ದಿನಗಳಲ್ಲಿ ಒಂದು ಯುವಜನ ಶಿಬಿರಕ್ಕೆ ಹೋಗಿದ್ದೆ. ಬೋಧಕರೊಬ್ಬರು ಬಲವಾಗಿ ಹೇಳಿದರು: "ಕುರೇನ್ಯ ಎರಡು ಸಲ ಸುರಿಯದ ಅಧಿಪತಿಯಾಗಿದ್ದ. ರೋಮಿನ ಹತ್ತಿರ ಶಾಸನವೇ ಸಿಕ್ಕಿದೆ." ನಮಗೆಲ್ಲ ರೋಮಾಂಚನ. ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ. ಮುಂದೆ ಬೋಧಕನಾದ ಮೇಲೆ ಎಷ್ಟೋ ಕ್ರಿಸ್ಮಸ್‌ಗಳಲ್ಲಿ ಹಾಗೇ ಹೇಳಿದೆ. ಉನ್ನತ ವ್ಯಾಸಂಗಕ್ಕೆ ಹೋದಾಗ ಆ ಶಾಸನದ ಪಾಠ ಕಣ್ಣಾರೆ ನೋಡಿದೆ. 1764ರಲ್ಲಿ ತಿವೊಲಿ ಹತ್ತಿರ ಸಿಕ್ಕ ತುಂಡು ಕಲ್ಲು ಅದು. ದೊಡ್ಡ ಅಧಿಕಾರಿಯೊಬ್ಬನ ಸಾಧನೆಗಳು ಅದರ ಮೇಲೆ ಇವೆ. ಸುರಿಯದ ಹೆಸರಿದೆ, "ಎರಡನೇ ಸಲ" ಎಂಬ ಅರ್ಥದ ಪದವೂ ಇದೆ. ಅಧಿಕಾರಿಯ ಹೆಸರು ಮಾತ್ರ ಇಲ್ಲ. ಆ ಭಾಗ ಒಡೆದುಹೋಗಿದೆ. ಹತ್ತೊಂಬತ್ತನೇ ಶತಮಾನದ ಕೆಲವು ದೊಡ್ಡ ವಿದ್ವಾಂಸರು ಅಲ್ಲಿ ಕುರೇನ್ಯನ ಹೆಸರನ್ನು ತುಂಬಿಕೊಂಡರು. ಬೇರೆಯವರು ಬೇರೆ ಹೆಸರು ತುಂಬುತ್ತಾರೆ. "ಎರಡನೇ ಸಲ" ಅನ್ನುವುದು ಸುರಿಯಕ್ಕೇ ಸೇರಬೇಕೆಂದೂ ಇಲ್ಲ. ಎರಡನೇ ಸಲ ಪ್ರಾಂತದ ಅಧಿಕಾರಿಯಾದ, ಈ ಸಲ ಸಿಕ್ಕಿದ್ದು ಸುರಿಯ ಎಂದೂ ಓದಬಹುದು.

ಅವತ್ತು ಗ್ರಂಥಾಲಯದಲ್ಲಿ ಕೂತು ನನಗೆ ತುಂಬಾ ನಾಚಿಕೆಯಾಯಿತು. ಆ ಬೋಧಕರು ಸುಳ್ಳು ಹೇಳಿರಲಿಲ್ಲ, ಯಾರದೋ ಪುಸ್ತಕದಿಂದ ಎತ್ತಿಕೊಂಡಿದ್ದರು. ನಾನು ಅವರಿಂದ ಎತ್ತಿಕೊಂಡೆ. ನನ್ನಿಂದ ಎಷ್ಟು ಜನ ಎತ್ತಿಕೊಂಡರೋ. ಒಡೆದ ಕಲ್ಲಿನಲ್ಲಿ ಇಲ್ಲದ ಹೆಸರನ್ನು ದೇವರ ಮನೆಯಲ್ಲಿ ನಿಂತು ಇದೆ ಎಂದಿದ್ದೆ. ಮುಂದಿನ ಕ್ರಿಸ್ಮಸ್‌ಗೆ ಸಭೆಯ ಮುಂದೆ ಅದನ್ನು ಹೇಳಿ ಕ್ಷಮೆ ಕೇಳಿದೆ.

ಅಂದಹಾಗೆ, ಕುರೇನ್ಯನ ಹೆಸರು ನಿಜವಾಗಿಯೂ ಇರುವ ಕಲ್ಲೊಂದಿದೆ. ಐಮಿಲಿಯಸ್ ಸೆಕುಂಡಸ್ ಎಂಬ ರೋಮಿನ ಸೇನಾಧಿಕಾರಿಯ ಸಮಾಧಿಗಲ್ಲು ಅದು. ಕುರೇನ್ಯನ ಅಪ್ಪಣೆಯಂತೆ ತಾನು ಸುರಿಯದ ಅಪಾಮೆಯ ಪಟ್ಟಣದ ಖಾನೇಷುಮಾರಿ ಮಾಡಿದೆ, 1,17,000 ಜನ ಲೆಕ್ಕಕ್ಕೆ ಸಿಕ್ಕರು ಎಂದು ಅದರಲ್ಲಿ ಬರೆಸಿಕೊಂಡಿದ್ದಾನೆ. ಬಹಳ ಕಾಲ ಅದನ್ನು ನಕಲಿ ಎಂದುಕೊಂಡಿದ್ದರು. 1880ರಲ್ಲಿ ವೆನಿಸ್‌ನಲ್ಲಿ ಅದರ ಕೆಳಗಿನ ಅರ್ಧ ಸಿಕ್ಕಿತು, ಸಂಶಯ ಹೋಯಿತು. ಕುರೇನ್ಯ ಸುರಿಯದಲ್ಲಿ ಖಾನೇಷುಮಾರಿ ಮಾಡಿಸಿದ್ದು ಇದರಿಂದ ಖಚಿತ. ಆದರೆ ವರ್ಷ ಬರೆದಿಲ್ಲ. ಕ್ರಿ.ಶ. 6ರ ಲೆಕ್ಕಕ್ಕೇ ಇದನ್ನು ಸಾಮಾನ್ಯವಾಗಿ ಸೇರಿಸುತ್ತಾರೆ.

ಉಳಿದ ಪರಿಹಾರಗಳನ್ನು ಬೇಗ ನೋಡಿಬಿಡೋಣ. ಗ್ರೀಕಿನಲ್ಲಿ "ಮೊದಲನೆಯ" ಎಂಬ ಪದಕ್ಕೆ ಕೆಲವು ಕಡೆ "ಮುಂಚೆ" ಎಂಬ ಅರ್ಥ ಬರುತ್ತದೆ. ಹಾಗಾಗಿ "ಕುರೇನ್ಯ ಅಧಿಪತಿಯಾಗುವ ಮುಂಚೆ" ಎಂದು ಓದಬಹುದು ಎನ್ನುತ್ತಾರೆ. ಒಳ್ಳೆಯ ವಿದ್ವಾಂಸರೂ ಇದನ್ನು ಹೇಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆ ವಾಕ್ಯದ ರಚನೆ ನೋಡಿದರೆ ಗ್ರೀಕ್ ಓದುವವನಿಗೆ ಸಹಜವಾಗಿ ಬರುವ ಅರ್ಥ ಅದಲ್ಲ. ಹೆರೋದನ ಕೊನೆಯ ವರ್ಷಗಳಲ್ಲಿ ಸುರಿಯವನ್ನು ಆಳಿದವರು ಸತುರ್ನಿನಸ್, ಆಮೇಲೆ ವಾರುಸ್. ಸುಮಾರು ಕ್ರಿ.ಶ. 200ರಲ್ಲಿ ಬರೆದ ತೆರ್ತುಲಿಯನ್ ಎಂಬ ಸಭಾಪಿತೃ ಈ ಖಾನೇಷುಮಾರಿಯನ್ನು ಸತುರ್ನಿನಸನ ಕಾಲದ್ದು ಎನ್ನುತ್ತಾನೆ. ಅವನಿಗೆ ಅದು ಎಲ್ಲಿಂದ ಬಂತೋ, ಆಧಾರ ಕೊಡುವುದಿಲ್ಲ. ಜೋಸಿಫಸ್‌ನದೇ ತಪ್ಪು ಎನ್ನುವವರೂ ಇದ್ದಾರೆ. ಅವನಲ್ಲಿ ತಪ್ಪುಗಳಿರುವುದು ನಿಜ. ಆದರೆ ಅರ್ಖೆಲಾಯನ ಗಡೀಪಾರು, ಹೊಸ ತೆರಿಗೆ, ಅದರ ವಿರುದ್ಧ ಗಲಿಲಾಯದ ಯೂದ ಎಂಬವನು ಎಬ್ಬಿಸಿದ ದಂಗೆ, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಎಲ್ಲವೂ ಬಿಚ್ಚಿಕೊಳ್ಳುತ್ತವೆ.

ಇಷ್ಟು ಕೇಳಿ ಹುಡುಗಿಯ ಮುಖ ಸಪ್ಪಗಾಯಿತು. "ಹಾಗಾದರೆ ಪ್ರಯಾಣದ ಕಥೆಯೆಲ್ಲ ಸುಮ್ನೆ ಕಟ್ಟಿದ್ದಾ?" ಅಂದಳು.

ಅಲ್ಲಿಗೆ ಓಡಬೇಕಾಗಿಲ್ಲ. ಒಂದು ವಿವರ ತೂಗಲಿಲ್ಲ ಎಂದರೆ ಉಳಿದದ್ದನ್ನೂ ತಕ್ಕಡಿಗೆ ಹಾಕಿ ನೋಡಬೇಕು. ನೋಡದೆ ಎಸೆಯಬಾರದು. ಖಾನೇಷುಮಾರಿಗಾಗಿ ಜನ ಊರಿಗೆ ಹೋಗುವುದು ಆ ಕಾಲದಲ್ಲಿ ನಡೆಯುತ್ತಿತ್ತೇ ಎಂದು ಕೇಳಿ. ಈಜಿಪ್ಟಿನಲ್ಲಿ ಕ್ರಿ.ಶ. 104ರ ಒಂದು ಆಜ್ಞಾಪತ್ರ ಸಿಕ್ಕಿದೆ. ಅಲ್ಲಿನ ರೋಮಿನ ಅಧಿಪತಿ ವಿಬಿಯಸ್ ಮಾಕ್ಸಿಮಸ್ ಹೊರಡಿಸಿದ್ದು. ಮನೆಮನೆಯ ಲೆಕ್ಕ ಶುರುವಾಗಿದೆ, ಹೊರಗೆ ಹೋಗಿರುವವರೆಲ್ಲ ತಮ್ಮ ತಮ್ಮ ಮನೆಗಳಿಗೆ ಮರಳಬೇಕು ಎಂದು ಅದರ ಸಾರ. "ಮನೆಮನೆಯ ಲೆಕ್ಕ" ಎಂಬ ಆ ಗ್ರೀಕ್ ಮಾತು ನಮ್ಮ ಹಳೆಯ ಕನ್ನಡ ಬೈಬಲಿನ ಪದಕ್ಕೆ ಸರಿಯಾಗಿ ಹೊಂದುತ್ತದೆ. ಖಾನೇಷುಮಾರಿ ಅಂದರೂ ಪಾರಸಿಯಲ್ಲಿ ಮನೆಯ ಎಣಿಕೆ ಎಂದೇ ಅರ್ಥ. ಜನಗಣತಿ ಅಂತ ಹೊಸ ಪದ ಹಾಕಿದರೆ ತಲೆ ಎಣಿಸಿದಂತೆ ಕೇಳುತ್ತದೆ. ಹಳೆಯ ಪದದಲ್ಲಿ ಮನೆ, ಆಸ್ತಿ, ಕಂದಾಯದ ವಾಸನೆ ಇದೆ. ನನಗೆ ಆ ಪದವನ್ನು ಬಿಡಲು ಮನಸ್ಸಿಲ್ಲ.

ಇನ್ನೊಂದು ದಾಖಲೆ ನನಗೆ ಬಹಳ ಪ್ರೀತಿಯದು. ಬಾಬತಾ ಎಂಬ ಯೆಹೂದಿ ಹೆಂಗಸಿನ ಕಾಗದಪತ್ರಗಳ ಗಂಟು 1961ರಲ್ಲಿ ಲವಣ ಸಮುದ್ರದ ಹತ್ತಿರದ ಗವಿಯೊಂದರಲ್ಲಿ ಸಿಕ್ಕಿತು. ಕ್ರಿ.ಶ. 127ರಲ್ಲಿ ಅರೇಬಿಯ ಪ್ರಾಂತದಲ್ಲಿ ಖಾನೇಷುಮಾರಿ ನಡೆದಾಗ, ಮಾಹೋಜಾ ಎಂಬ ಊರಿನಲ್ಲಿದ್ದ ಅವಳು ತನ್ನ ಖರ್ಜೂರದ ತೋಟಗಳನ್ನು ಬರೆಸಲು ರಬ್ಬತ್ ಮೋವಾಬಿಗೆ ಹೋದಳು. ಜೊತೆಗೆ ಗಂಡ ಯೂದ ಇದ್ದ. ಗಂಡ ಹೆಂಡತಿ ಇಬ್ಬರೂ ಊರು ಬಿಟ್ಟು ಲೆಕ್ಕ ಬರೆಸಲು ಹೋಗುವುದು ಆ ಪ್ರದೇಶದಲ್ಲಿ ಅಸಾಧ್ಯವಾದ ಮಾತಲ್ಲ. ಆದರೂ ಈ ಎರಡು ದಾಖಲೆಗಳ ತೂಕವನ್ನು ಜಾಸ್ತಿ ಮಾಡಬಾರದು. ಎರಡರಲ್ಲೂ ಜನ ಹೋದದ್ದು ಮನೆಗೋ ಆಸ್ತಿ ದಾಖಲಿಸುವ ಕಡೆಗೋ. ದಾವೀದನ ವಂಶದವನೆಂದು ಪೂರ್ವಜರ ಊರಿಗೆ ಹೋದ ಉದಾಹರಣೆ ಇವಲ್ಲ. ಯೋಸೇಫನಿಗೆ ಬೇತ್ಲೆಹೇಮಿನಲ್ಲಿ ತುಂಡು ನೆಲ ಇತ್ತೇನೋ ಎಂದು ಊಹಿಸಬಹುದು. ಲೂಕ ಹಾಗೆ ಹೇಳಿಲ್ಲ.

ಲೂಕನ ಉಳಿದ ಬರಹವನ್ನೂ ತೂಗಬೇಕು. ಅಪೊಸ್ತಲರ ಕೃತ್ಯಗಳಲ್ಲಿ ಅವನು ಥೆಸಲೊನೀಕದ ಅಧಿಕಾರಿಗಳಿಗೆ ಒಂದು ಅಪರೂಪದ ಗ್ರೀಕ್ ಹೆಸರು ಬಳಸುತ್ತಾನೆ. ಅದೇ ಹೆಸರು ಆ ಪಟ್ಟಣದ ಶಾಸನಗಳಲ್ಲಿ ಸಿಕ್ಕಿದೆ. ಅಖಾಯದ ಅಧಿಪತಿ ಗಲ್ಲಿಯೋನನ ಹೆಸರು ದೆಲ್ಫಿಯ ಶಾಸನದಲ್ಲಿದೆ. ಪೌಲ ಕೊರಿಂಥದಲ್ಲಿದ್ದ ಕಾಲವನ್ನು ನಾವು ಲೆಕ್ಕ ಹಾಕುವುದೇ ಅದರ ಸಹಾಯದಿಂದ. ಇಂಥ ಬರಹಗಾರ ಸುಮ್ಮನೆ ಕೈಗೆ ಬಂದದ್ದನ್ನು ಗೀಚುವವನಲ್ಲ. ಇನ್ನು ಮತ್ತಾಯನಲ್ಲಿ ಖಾನೇಷುಮಾರಿಯೇ ಇಲ್ಲ, ಲೂಕನಲ್ಲಿ ಜೋಯಿಸರಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬರೆದಂತೆ ಕಾಣುವುದಿಲ್ಲ. ಆದರೂ ಹೆರೋದನ ಕಾಲ, ಬೇತ್ಲೆಹೇಮಿನಲ್ಲಿ ಜನನ, ನಜರೇತಿನಲ್ಲಿ ಬೆಳೆದದ್ದು, ಮರಿಯ ಮತ್ತು ಯೋಸೇಫ, ಇಷ್ಟರಲ್ಲಿ ಇಬ್ಬರೂ ಒಂದಾಗುತ್ತಾರೆ. ಇತಿಹಾಸ ತೂಗುವವರು ಇಂಥ ಹೊಂದಿಕೆಗೆ ಬೆಲೆ ಕೊಡುತ್ತಾರೆ. ಬೇತ್ಲೆಹೇಮಿನ ವಿಷಯವನ್ನೂ ಒಪ್ಪದ ವಿದ್ವಾಂಸರು ಇದ್ದಾರೆ, ಪ್ರವಾದನೆಗೆ ಹೊಂದಿಸಿದ್ದು ಎನ್ನುತ್ತಾರೆ. ಅವರ ವಾದವನ್ನೂ ತರಗತಿಯಲ್ಲಿ ಓದಿಸುತ್ತೇನೆ.

ನನ್ನ ತೀರ್ಮಾನ ಇದು. ಲೂಕನಿಗೆ ಹೆರೋದನ ಕೊನೆಯ ಕಾಲದ ಯಾವುದೋ ಲೆಕ್ಕ ಬರೆಸುವಿಕೆಯ ನೆನಪು ಬಂದಿರಬಹುದು. ಎಲ್ಲರ ಬಾಯಲ್ಲಿದ್ದ ಕ್ರಿ.ಶ. 6ರ ದೊಡ್ಡ ಖಾನೇಷುಮಾರಿಯ ಹೆಸರು ಅದಕ್ಕೆ ಅಂಟಿಕೊಂಡಿರಬಹುದು. ಮುಕ್ಕಾಲು ಶತಮಾನ ಕಳೆದ ಮೇಲೆ ಬರೆಯುವವನಿಗೆ ಇಂಥದ್ದು ಆಗುತ್ತದೆ. ಇದನ್ನು ಸಾಬೀತು ಮಾಡಲು ನನ್ನಲ್ಲಿ ಕಲ್ಲಿಲ್ಲ, ಕಾಗದವಿಲ್ಲ. ಆದ್ದರಿಂದ "ಇರಬಹುದು" ಎಂದೇ ಹೇಳುತ್ತೇನೆ. ನನ್ನ ಕೆಲವು ಸಹೋದ್ಯೋಗಿಗಳಿಗೆ ಇದು ನೋವಿನ ಮಾತು ಎಂದು ಗೊತ್ತು. ಯೇಸು ಕ್ರಿಸ್ತನ ಮೇಲಿನ ನನ್ನ ನಂಬಿಕೆ ಕುರೇನ್ಯನ ಅಧಿಕಾರದ ವರ್ಷದ ಮೇಲೆ ನಿಂತಿಲ್ಲ. ಒಡೆದ ಕಲ್ಲಿನ ಮೇಲೆ ನಿಲ್ಲಿಸಿದ್ದ ದಿನಗಳಲ್ಲಿ ಅದು ಇಷ್ಟು ಗಟ್ಟಿಯಾಗಿಯೂ ಇರಲಿಲ್ಲ.

ಲೂಕ ಆ ಹೆಸರನ್ನು ಏಕೆ ತಂದ ಎಂಬುದನ್ನು ಮಾತ್ರ ಮರೆಯಬಾರದು. ಆ ಖಾನೇಷುಮಾರಿ ಯೆಹೂದ್ಯರಿಗೆ ವಾಸಿಯಾಗದ ಗಾಯ. ನೆಲ ದೇವರದು, ಅದನ್ನು ಕೈಸರನ ಪುಸ್ತಕದಲ್ಲಿ ಬರೆಸುವುದು ದಾಸತ್ವ ಎಂದು ಗಲಿಲಾಯದ ಯೂದ ದಂಗೆ ಎದ್ದ. ಲೂಕನ ಕಥೆಯಲ್ಲಿ ಅದೇ ಗಲಿಲಾಯದ ಒಬ್ಬ ಬಡಗಿ, ತುಂಬು ಗರ್ಭಿಣಿಯನ್ನು ಕರೆದುಕೊಂಡು ನೂರು ಕಿಲೋಮೀಟರ್‌ಗೂ ಜಾಸ್ತಿ ದೂರ ಹೋಗಿ ಹೆಸರು ಬರೆಸುತ್ತಾನೆ. ಚಕ್ರವರ್ತಿಯ ಲೆಕ್ಕದಲ್ಲಿ ಒಂದು ಕೂಸು ಹೆಚ್ಚಾಯಿತು, ಅಷ್ಟೇ. ಮಲಗಿಸಲು ತೊಟ್ಟಿಲೂ ಇಲ್ಲ, ಗೋದಲಿ. ಆ ಕೂಸನ್ನೇ ದೂತನು ಕರ್ತನೆಂದು, ರಕ್ಷಕನೆಂದು ಕರೆಯುತ್ತಾನೆ. ರೋಮಿನವರು ಔಗುಸ್ತನಿಗೆ ಕೊಡುತ್ತಿದ್ದ ಬಿರುದುಗಳ ಜಾತಿಯವು ಅವು. ಮೊದಲ ಕೇಳುಗರಿಗೆ ಇದು ತಟ್ಟನೆ ಹೊಳೆದಿರಬೇಕು.

ಕ್ರಿಸ್ಮಸ್ ಆರಾಧನೆಯಲ್ಲಿ ಹುಡುಗಿ ಎರಡನೇ ವಚನವನ್ನು ಹಾರಿಸದೆ, ತಡವರಿಸದೆ ಓದಿದಳು. ಕುರೇನ್ಯನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ಹೊಸ ವರ್ಷ ಕಳೆದ ಮೇಲೆ ಮತ್ತೆ ಬಂದಳು, ಈ ಸಲ ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯ ತೆರೆದುಕೊಂಡು. ಅಲ್ಲಿ ಗಮಲಿಯೇಲ ಎಂಬ ಯೆಹೂದಿ ಗುರುವಿನ ಭಾಷಣದಲ್ಲಿ ಥೈದ ಎಂಬವನ ದಂಗೆ ಗಲಿಲಾಯದ ಯೂದನ ದಂಗೆಗಿಂತ ಮುಂಚೆ ಬರುತ್ತದೆ. ಜೋಸಿಫಸ್‌ನಲ್ಲಿ ಥೈದ ಎದ್ದದ್ದು ಕ್ರಿ.ಶ. 44ರ ನಂತರ, ಗಮಲಿಯೇಲ ಮಾತಾಡಿದ ಎಷ್ಟೋ ವರ್ಷದ ಮೇಲೆ. "ಇದಕ್ಕೇನು ಅಯ್ಯನವರೇ?" ಎಂದು ಕೇಳಿದಳು. ಈ ಸಲ ಬೈಯಬಾರದು ಎಂದು ಹೇಳಲಿಲ್ಲ. ಕುರ್ಚಿ ಎಳೆದು ಕೂರು ಅಂದೆ.