ಗರಸು ನೆಲಕ್ಕೆ ಎಂಥ ಬಾಕ್ಸ್ ಬ್ಲೇಡ್?

ಗದಗ ಜಿಲ್ಲೆಯ ಕಪ್ಪತಗುಡ್ಡದ ಮಗ್ಗುಲಲ್ಲಿ, ಡೋಣಿ ಊರಿನ ಆಚೆಗಿರುವ ಮಸಾರಿ, ಅಂದರೆ ಕೆಂಪು ಮಣ್ಣಿನ, ಹೊಲಕ್ಕೆ ಬಂಡಿದಾರಿ ಸಮ ಮಾಡಲೆಂದು ಒಂದು ಬೇಸಿಗೆಯಲ್ಲಿ ನಾನು ಎರವಲು ತಂದ ಹಗುರ ಬಾಕ್ಸ್ ಬ್ಲೇಡನ್ನು ಟ್ರ್ಯಾಕ್ಟರಿಗೆ ಕಟ್ಟಿದ್ದೆ. ಬಾಕ್ಸ್ ಬ್ಲೇಡೆಂದರೆ ಮುಂದೆ ನೆಲ ಕೀಳುವ ಹಲ್ಲುಗಳ ಸಾಲು, ಹಿಂದೆ ಮಣ್ಣು ಸವರುವ ಬ್ಲೇಡು ಇರುವ ಉಕ್ಕಿನ ಪೆಟ್ಟಿಗೆ. ಮೂರು ಸುತ್ತು ಹೊಡೆದರೂ ನೆಲ ಕೀಳಲಿಲ್ಲ. ಗರಸಿನಲ್ಲಿ ಹೂತಿದ್ದ ಕಲ್ಲುಗಳ ನೆತ್ತಿಯ ಮೇಲೆ ಬಿಳಿ ಗೀರು ಮೂಡಿತು, ಬ್ಲೇಡಿನ ಅಂಚು ಕನ್ನಡಿಯಂತೆ ಹೊಳೆಯಿತು, ಅಷ್ಟೇ. ಎಂಜಿನ್ ಮಾತ್ರ ಒಮ್ಮೆಯೂ ಏದುಸಿರು ಬಿಡಲಿಲ್ಲ. ಕೊರತೆ ಇದ್ದದ್ದು ಅಶ್ವಶಕ್ತಿಯಲ್ಲಲ್ಲ, ತೂಕದಲ್ಲಿ.

ನಮ್ಮ ಟ್ರ್ಯಾಕ್ಟರುಗಳ ಹಿಂದಿರುವ ಮೂರು ಬಿಂದುಗಳ ಜೋಡಣೆಯಲ್ಲಿ ಹೈಡ್ರಾಲಿಕ್ ಸಾಮಾನ್ಯವಾಗಿ ಉಪಕರಣವನ್ನು ಎತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತುವುದಿಲ್ಲ. ಆದ್ದರಿಂದ ಬ್ಲೇಡು ನೆಲಕ್ಕೆ ಇಳಿಯಬೇಕಾದರೆ ಅದರ ಸ್ವಂತ ಭಾರ ಮತ್ತು ಹಲ್ಲಿನ ಆಕಾರ ಇವೆರಡೇ ಆಸರೆ. ಕುಂಟೆ ಆಳಕ್ಕೆ ಹೋಗಲೆಂದು ಅದರ ಮೇಲೆ ಕಲ್ಲು ಹೇರುವ, ಇಲ್ಲವೇ ತಾನೇ ಹತ್ತಿ ನಿಲ್ಲುವ ರೈತನಿಗೆ ಇದು ಹೊಸ ಮಾತಲ್ಲ.

ಒಂದು ಲೆಕ್ಕ ಹಾಕೋಣ. 300 ಕಿಲೋ ತೂಕದ, 150 ಸೆಂಟಿಮೀಟರ್ ಅಗಲದ ಬಾಕ್ಸ್ ತನ್ನ 1.2 ಸೆಂಟಿಮೀಟರ್ ದಪ್ಪದ ಅಂಚಿನ ಮೇಲೆ ಪೂರ್ತಿ ಕೂತರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವ ಭಾರ ಎರಡು ಕಿಲೋಕ್ಕಿಂತ ಕಡಿಮೆ. ಅದೇ ಭಾರವು ತಲಾ 2.5 ಚದರ ಸೆಂಟಿಮೀಟರ್ ತುದಿಯ ಐದು ಹಲ್ಲುಗಳ ಮೇಲೆ ನಿಂತರೆ 24 ಕಿಲೋ ಆಗುತ್ತದೆ. ಜೊತೆಗೆ, ಗಟ್ಟಿ ಮಣ್ಣು ಅದುಮಿದರೆ ಜಗ್ಗುವುದಿಲ್ಲವಾದರೂ ಎಳೆತಕ್ಕೆ ಬಹಳ ದುರ್ಬಲ. ಮುಂದಕ್ಕೆ ಬಾಗಿದ ಹಲ್ಲು ಅದರ ಅಡಿಗೆ ತೂರಿ ಮೇಲಕ್ಕೆ ಮೀಟಿದಾಗ ಹೆಂಟೆ ತಾನಾಗಿ ಒಡೆದು ಏಳುತ್ತದೆ. ಕಲ್ಲುಭೂಮಿಯಲ್ಲಿ ಕೆಲಸ ಮಾಡುವುದು ಹಲ್ಲು. ಬ್ಲೇಡು ಅದರ ಹಿಂದೆ ಬಂದು ಗುಡಿಸುತ್ತದೆ. ಕೊಳ್ಳುವಾಗ ಬಣ್ಣ ನೋಡುವ ಬದಲು ಹಲ್ಲು ಕೂರುವ ಗೂಡನ್ನು ಅಲುಗಾಡಿಸಿ ನೋಡಬೇಕೆಂದು ನಾನು ಹೇಳುವುದು ಇದಕ್ಕೇ.

ತುದಿಯ ಉಕ್ಕಿನ ಬಗ್ಗೆ ಜಿಪುಣತನ ಸಲ್ಲದು. ಗದಗ ಸೀಮೆಯ ಶಿಸ್ಟ್ ಶಿಲೆಗಳಲ್ಲಿ, ಚಿನ್ನದ ಆಸೆಯಿಂದ ಹಿಂದೆ ಅಗೆದು ನೋಡಿದ ಈ ಗುಡ್ಡಗಳಲ್ಲಿ, ಬಿಳಿಗಲ್ಲಿನ ಎಳೆಗಳು ಹಾಯ್ದಿವೆ. ಬಿಳಿಗಲ್ಲೆಂದರೆ ಕ್ವಾರ್ಟ್ಸ್, ಮೋಸ್ ಮಾಪಕದಲ್ಲಿ ಅದರ ಗಡಸುತನ 7, ಸಾದಾ ಕಬ್ಬಿಣದ ಪಟ್ಟಿಯದು 4ರ ಆಸುಪಾಸು. ಸವೆಯುವುದು ಯಾವುದೆಂದು ಬೇರೆ ಹೇಳಬೇಕಿಲ್ಲ. ಹಾಗೆಂದು ಅತಿಯಾಗಿ ಗಡಸಾದ ಉಕ್ಕು ಕಲ್ಲಿನ ಪೆಟ್ಟಿಗೆ ಚಟ್ಟನೆ ಮುರಿಯುತ್ತದೆ. ಹದ ಕೊಟ್ಟ ಬೋರಾನ್ ಉಕ್ಕಿನ, ಪಿನ್ ತೆಗೆದು ಬದಲಿಸಬಹುದಾದ ತುದಿಗಳೇ ಲೇಸು. ಬ್ಲೇಡಿನ ಅಂಚೂ ಬೋಲ್ಟಿನದಾಗಿದ್ದರೆ ಒಂದು ಮಗ್ಗುಲು ಸವೆದ ಮೇಲೆ ತಿರುವಿ ಹಾಕಬಹುದು.

ಅಗಲವು ಹಿಂಗಾಲಿಗಳ ಹೊರ ಅಂಚನ್ನು ಮುಚ್ಚುವಷ್ಟಿದ್ದರೆ ಸಾಕು. ಅದಕ್ಕಿಂತ ಅಗಲವಾದದ್ದನ್ನು ಕೊಂಡರೆ ಅದೇ ತೂಕ ಹೆಚ್ಚು ಉದ್ದಕ್ಕೆ ಹರಡಿ ತೆಳುವಾಗುತ್ತದೆ. ಗಟ್ಟಿ ನೆಲದಲ್ಲೂ ಟ್ರ್ಯಾಕ್ಟರು ತನ್ನ ತೂಕದ ಸುಮಾರು ಅರ್ಧದಷ್ಟು ಬಲದಿಂದಷ್ಟೇ ಎಳೆಯಬಲ್ಲದು. ಸಡಿಲ ಗರಸಿನಲ್ಲಿ ಇನ್ನೂ ಕಡಿಮೆ. ಗಾಲಿ ತಿರುಗಿ ಜಾರತೊಡಗಿದರೆ ಎರಡು ಹಲ್ಲುಗಳನ್ನು ಮೇಲೆತ್ತಿ ಪಿನ್ ಹಾಕಿ, ಉಳಿದ ಮೂರರಿಂದಲೇ ಕೀಳಬೇಕು. ಮೂರು ಬಿಂದುಗಳ ಜೋಡಣೆಯ ಮೇಲಿನ ಕೊಂಡಿಯಾದ ಟಾಪ್ ಲಿಂಕ್ ಗಿಡ್ಡ ಮಾಡಿದರೆ ಬಾಕ್ಸ್ ಮುಂದಕ್ಕೆ ವಾಲಿ ಹಲ್ಲು ಆಳಕ್ಕಿಳಿಯುತ್ತದೆ, ಉದ್ದ ಮಾಡಿದರೆ ಹಿಂದಿನ ಅಂಚು ನೆಲವನ್ನು ಸವರುತ್ತದೆ. ಹಲ್ಲು ಇಳಿಸಿಕೊಂಡು ರಿವರ್ಸ್ ಹೋಗುವುದು ಮಾತ್ರ ಬೇಡವೇ ಬೇಡ: ಜೋಡಣೆಯ ಕೆಳಗಿನ ಎರಡು ತೋಳುಗಳು ಎಳೆಯಲೆಂದು ಮಾಡಿದವು, ಬಂಡೆಗೆ ತಳ್ಳಿದರೆ ಬಾಗುತ್ತವೆ.

ಒಣ ಮಸಾರಿ ಸಿಮೆಂಟಿನಂತೆ. ತುಸು ತೇವ ತಗುಲಿದರೆ ಅದರ ಬಿಗಿ ಸಡಿಲುತ್ತದೆ. ಮುಂದಿನ ವರ್ಷ ರೋಹಿಣಿ ಮಳೆ ಬಿದ್ದು ಎರಡು ದಿನ ಬಿಟ್ಟು, ಭಾರದ ಬಾಕ್ಸಿಗೆ ಮೂರೇ ಹಲ್ಲು ಇಳಿಸಿ ಅದೇ ದಾರಿಗೆ ಹೋದೆ. ಮೊದಲ ಸಾಲಿಗೇ ಎದ್ದ ತಲೆಗಾತ್ರದ ಕಲ್ಲುಗಳನ್ನು ಆಯ್ದು ಹೊಲದ ಒಡ್ಡಿಗೆ ಹಾಕಿದೆವು.